ಎಲ್ಲರೂ ಬೈದಾಗ್ಲೂ ಮಾತು ಬದಲಿಸದೇ ನಿಂತವರು, ನಿಮಗೆ ಯಾರು ನೆನಪಾಗ್ತಾರೆ?

ಮಡಿಕೇರಿ ಸಿಸ್ಟರ್:
ಎಲ್ಲರಿಗೂ ನಮಸ್ಕಾರ. ನಾನು ನರ್ಸಿಂಗ್ ಕೆಲಸದಲ್ಲಿರೋಳು. ಹೊಸದಾಗಿ ಸೇರೋ ಹುಡುಗಿಯರಿಗೆ ಕೈ ತೊಳೆಯೋದು ಹೇಳ್ಕೊಡೋವಾಗ ಸೆಮ್ಮೆಲ್‌ವೈಸ್ ಅನ್ನೋ ಡಾಕ್ಟರ ಕಥೆ ಹೇಳ್ತೀನಿ, ಹೇಳಿದಾಗೆಲ್ಲ ಹೊಟ್ಟೆ ಉರಿಯುತ್ತೆ. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡ್, ಒಂದು ಡಾಕ್ಟರು ಮತ್ತೆ ಮೆಡಿಕಲ್ ಸ್ಟೂಡೆಂಟ್‌ಗಳದ್ದು, ಇನ್ನೊಂದು ಸೂಲಗಿತ್ತಿಯರದ್ದು, ಬಾಣಂತಿಯರು ಸಾಯ್ತಿದ್ದದ್ದು ಡಾಕ್ಟರ ವಾರ್ಡಲ್ಲೇ ಜಾಸ್ತಿ, ನನ್ನ ಅಲ್ಲಿಗೆ ಹಾಕ್ಬೇಡಿ ಅಂತ ಹೆಂಗಸರು ಬೇಡ್ಕೊಳ್ತಿದ್ರು. 1847ರಲ್ಲಿ ಇವರ ಸ್ನೇಹಿತ ಡಾಕ್ಟರೊಬ್ಬರು ಪೋಸ್ಟ್‌ಮಾರ್ಟಮ್ ಟೈಮಲ್ಲಿ ಚಾಕು ತಾಗಿ, ಬಾಣಂತಿಯರಿಗೆ ಬರ್ತಿದ್ದ ಲಕ್ಷಣಗಳಲ್ಲೇ ತೀರ್ಕೊಂಡ್ರು. ಆಗ ಇವರಿಗೆ ಹೊಳೀತು, ಹೆಣ ಮುಟ್ಟಿದ ಕೈಯಲ್ಲೇ ಹೆರಿಗೆ ಮಾಡಿಸ್ತಿದ್ದೀವಿ ಅಂತ. ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳ್ಕೊಂಡೇ ಒಳಗೆ ಬನ್ನಿ ಅಂದ್ರು. ಆ ವರ್ಷ ಏಪ್ರಿಲಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಕೆಲವೇ ತಿಂಗಳಲ್ಲಿ 2ರ ಹತ್ರ ಇಳೀತು.

ಇಷ್ಟಾದ್ರೂ ದೊಡ್ಡ ದೊಡ್ಡ ಡಾಕ್ಟರುಗಳು ಒಪ್ಪಲಿಲ್ಲ, ನಿಮ್ಮ ಕೈಯಿಂದಲೇ ಸಾವು ಅಂದ್ರೆ ಯಾರು ತಾನೆ ಒಪ್ತಾರೆ. ಕೊನೆಗೆ 1865ರಲ್ಲಿ ಹುಚ್ಚಾಸ್ಪತ್ರೆಗೆ ಸೇರಿಸಿದ್ರು, ಎರಡು ವಾರದಲ್ಲೇ ಗಾಯ ನಂಜಾಗಿ ಹೋಗ್ಬಿಟ್ರು, ಆಗ 47 ವಯಸ್ಸು. ಇಂಥವರ ಮೇಲೆ ನಂಗೆ ತುಂಬಾ ಗೌರವ. ನಿಮಗೆ ಯಾರು ನೆನಪಾಗ್ತಾರೆ ಹೇಳಿ, ನಮ್ಮ ಕಡೆ ವಿಷಯ ಇದ್ರೆ ಇನ್ನೂ ಒಳ್ಳೇದು. ಮತ್ತೆ ಇನ್ನೊಂದು, ಅವರು ಬೈಸ್ಕೊಳ್ತಾ ಇರೋ ಹೊತ್ತಲ್ಲೇ ಇವರು ಹೇಳ್ತಿರೋದು ಸರಿ ಅಂತ ನಮ್ಮಂಥೋರು ಗುರುತಿಸೋದು ಹೆಂಗೆ?

ಗೋಣಿಕೊಪ್ಪ ಮೇಷ್ಟ್ರು:
ನಂಗೆ ನಕ್ಷತ್ರಗಳ ಬಗ್ಗೆ ಕೆಲಸ ಮಾಡಿದ ನಮ್ಮ ವಿಜ್ಞಾನಿ ಎಸ್. ಚಂದ್ರಶೇಖರ್. 1930ರಲ್ಲಿ ಇಂಗ್ಲೆಂಡಿಗೆ ಹೋಗೋ ಹಡಗಲ್ಲಿ ಕೂತು 19ರ ಹುಡುಗ ಹಾಕಿದ ಲೆಕ್ಕ ಅದು. ನಕ್ಷತ್ರ ಉರಿದು ಮುಗಿದ ಮೇಲೆ ಉಳಿಯೋದು ಸೂರ್ಯನ ಸುಮಾರು 1.4 ಪಟ್ಟು ತೂಕ ದಾಟಿದ್ರೆ ಅದು ಬಿಳಿ ಕುಬ್ಜವಾಗಿ, ಅಂದ್ರೆ ತಣ್ಣಗಾಗ್ತಾ ಹೋಗೋ ಪುಟ್ಟ ದಟ್ಟ ನಕ್ಷತ್ರವಾಗಿ, ನಿಲ್ಲಲ್ಲ, ಇನ್ನೂ ಕುಸೀತಾ ಹೋಗುತ್ತೆ ಅಂತ. 1935ರ ಜನವರಿಯಲ್ಲಿ ಲಂಡನ್ನಿನ ಸಭೆಯಲ್ಲಿ ಇದನ್ನ ಹೇಳಿ ಕೂತ್ಕೊಂಡ್ರು, ಹಿಂದೆಯೇ ಆಗಿನ ದೊಡ್ಡ ಖಗೋಳ ವಿಜ್ಞಾನಿ ಎಡಿಂಗ್ಟನ್ ಎದ್ದು ಎಲ್ಲರೆದುರು ಗೇಲಿ ಮಾಡಿದ್ರು. ನಂಗೆ ಬೇಜಾರಾಗೋದು ಎಡಿಂಗ್ಟನ್ ಮೇಲಲ್ಲ, ನೀನು ಹೇಳಿದ್ದೇ ಸರಿ ಅಂತ ಖಾಸಗಿಯಾಗಿ ಹೇಳಿದ ದೊಡ್ಡ ವಿಜ್ಞಾನಿಗಳು ಯಾರೂ ಹೊರಗೆ ಬಾಯಿ ಬಿಡಲಿಲ್ವಲ್ಲ ಅದಕ್ಕೆ. ಚಂದ್ರಶೇಖರ್ ಜಗಳಕ್ಕೂ ಹೋಗಲಿಲ್ಲ, ಎಡಿಂಗ್ಟನ್ ಜೊತೆ ಸ್ನೇಹನೂ ಬಿಡಲಿಲ್ಲ, ಪುಸ್ತಕದಲ್ಲಿ ಎಲ್ಲಾ ಬರೆದಿಟ್ಟು ಬೇರೆ ಕೆಲಸಕ್ಕೆ ಹೊರಟ್ರು. ನೊಬೆಲ್ ಬಂದಿದ್ದು 1983ರಲ್ಲಿ.

ಮಾದಾಪುರ ತೋಟ:
ಸಿಸ್ಟರ್, ನಮ್ಮ ಕಡೆ ವಿಷಯ ಅಂದ್ರಲ್ಲ, ನಾನು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅಂತೀನಿ. 2011ರಲ್ಲಿ ಅವರ ಸಮಿತಿ ಪಶ್ಚಿಮ ಘಟ್ಟದ ವರದಿ ಕೊಡ್ತು, ಸರ್ಕಾರ ಅದನ್ನ ಹೊರಗೆ ಬಿಡೋಕೇ 2012 ಆಯ್ತು. ಆಮೇಲೆ ಘಟ್ಟದ ಉದ್ದಕ್ಕೂ ವಿರೋಧ, ಅಭಿವೃದ್ಧಿ ವಿರೋಧಿ, ಪರಿಸರ ಪರಿಸರ ಅಂತ ನಮ್ಮನ್ನ ಒಕ್ಕಲೆಬ್ಬಿಸೋಕೆ ಬಂದವ್ರು ಅಂತೆಲ್ಲ ಬೈದ್ರು, ನಮ್ಮ ಕೊಡಗು ಜಿಲ್ಲೆಯಲ್ಲೂ ಕಮ್ಮಿ ಏನಿರಲಿಲ್ಲ. ಆ ವರದಿಯಲ್ಲಿ ಒಕ್ಕಲೆಬ್ಬಿಸಿ ಅಂತ ಇರಲೇ ಇಲ್ಲ. ಹೊಸ ಗಿರಿಧಾಮ ಬೇಡ, ಸೂಕ್ಷ್ಮ ಜಾಗದಲ್ಲಿ ಗಣಿ ಬೇಡ, ಕಡಿದಾದ ಇಳಿಜಾರಲ್ಲಿ ವರ್ಷವರ್ಷ ಅಗೆಯೋ ಬೆಳೆ ಬದಲು ಬಹುವಾರ್ಷಿಕ ಬೆಳೆ ಇರಲಿ, ಏನೇ ಮಾಡಿದ್ರೂ ಗ್ರಾಮಸಭೇಲಿ ಕೇಳಿ ಮಾಡಿ ಅಂತ ಇತ್ತು. ಬಹುವಾರ್ಷಿಕ ಅಂದ್ರೆ ನಮ್ಮ ಕಾಫಿನೇ ಅಲ್ವಾ?

2018ರ ಆಗಸ್ಟಲ್ಲಿ ಏನಾಯ್ತು ಅಂತ ಇಲ್ಲಿರೋರಿಗೆ ಹೇಳೋದು ಬೇಡ, ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ನಮ್ಮ ಮಾದಾಪುರ ಕಡೆ, ಗುಡ್ಡಕ್ಕೆ ಗುಡ್ಡನೇ ಮನೆ ತೋಟ ಗದ್ದೆ ಎಲ್ಲಾ ಎಳ್ಕೊಂಡು ಹೋಯ್ತು. ಮರುವರ್ಷ ತೋರ ಊರಲ್ಲೂ ಹಾಗೇ ಆಯ್ತು, 2020ರಲ್ಲಿ ತಲಕಾವೇರಿಯಲ್ಲಿ ಬೆಟ್ಟ ಜಾರಿ ಅರ್ಚಕರ ಮನೆನೇ ಹೋಯ್ತು. ಭೂವಿಜ್ಞಾನದ ಸರ್ವೇಯವರು ಬಂದು ನೋಡಿ, ಮಳೆ ಒಂದೇ ಅಲ್ಲ, ಬೇಕಾಬಿಟ್ಟಿ ಇಳಿಜಾರು ಕಡಿದದ್ದೂ ಕಾರಣ ಅಂದ್ರು. ಬೆಟ್ಟದ ಬುಡಕ್ಕೆ ಜೆಸಿಬಿ ಹಾಕಿ ರೆಸಾರ್ಟಿಗೆ ಸೈಟ್ ಮಟ್ಟ ಮಾಡಿದ್ರೆ ಮೇಲಿನ ಬರೆ ನಿಲ್ಲೋದು ಯಾವುದರ ಮೇಲೆ? ಇದನ್ನೇ ಆ ಮನುಷ್ಯ ಎಷ್ಟು ಬೈದ್ರೂ ಒಂದಕ್ಷರ ಬದಲಿಸದೇ ಹೇಳ್ತಾ ಬಂದ್ರು.

ಸೋಮವಾರಪೇಟೆ ಬೆಳೆಗಾರ:
ಮಾದಾಪುರದ ಅಣ್ಣ, ಗಾಡ್ಗೀಳ್ ಮೇಲೆ ನಂಗೂ ಗೌರವ ಇದೆ, ಆದ್ರೆ ಒಂದೆರಡು ಮಾತು. ಆ ವರ್ಷದ ಮಳೆ ಸಾಮಾನ್ಯದ್ದಲ್ಲ, ಯಾರೂ ಗುದ್ದಲಿ ಸಹ ಹಾಕದ ಗುಡ್ಡಗಳೂ ಜಾರಿವೆ, ಹಾಗಾಗಿ ಎಲ್ಲಾ ಕುಸಿತವನ್ನೂ ತಂದು ಆ ವರದಿಗೆ ಸಾಕ್ಷಿ ಮಾಡೋದು ಸರಿಯಲ್ಲ. ಎರಡನೇದು, ವಿರೋಧ ಮಾಡಿದವರೆಲ್ಲ ರೆಸಾರ್ಟ್ ಮಾಲೀಕರಲ್ಲ. ಎರಡು ಎಕರೆ ತೋಟ ಇಟ್ಕೊಂಡು, ಬಾಣೆ ಜಾಗದ (ಗದ್ದೆ ಜೊತೆ ಸೇರಿ ಬಂದ ಕಾಡು ಜಾಗ) ದಾಖಲೆ ಸರಿ ಮಾಡ್ಸೋಕೆ ತಾಲ್ಲೂಕು ಆಫೀಸಿಗೆ ಅಲೆದು ಸಾಕಾದವನಿಗೆ ಇನ್ನೊಂದು ರೂಲ್ ಬರುತ್ತೆ ಅಂದ್ರೆ ಭಯ ಆಗೇ ಆಗುತ್ತೆ. ಇಂಗ್ಲಿಷಲ್ಲಿರೋ ನೂರಾರು ಪುಟ ಓದಿದವರು ಊರಲ್ಲಿ ಎಷ್ಟು ಜನ? ಬಾಯಿಂದ ಬಾಯಿಗೆ ಬಂದ ಸುದ್ದಿನೇ ವರದಿ ಆಗ್ಬಿಡ್ತು. ಆದ್ರೆ ಇಳಿಜಾರು ಕಡಿಯೋದರ ವಿಷಯದಲ್ಲಿ ಅವರು ಹೇಳಿದ್ದು ನೂರಕ್ಕೆ ನೂರು ಸರಿ, ಅದನ್ನ ಯಾವ ಸಭೆಯಲ್ಲಿ ಬೇಕಾದ್ರೂ ಹೇಳ್ತೀನಿ.

ಗೋಣಿಕೊಪ್ಪ ಮೇಷ್ಟ್ರು:
ಸಿಸ್ಟರ್ ಕೇಳಿದ ಎರಡನೇ ಪ್ರಶ್ನೆಗೆ. ಒಂಟಿಯಾಗಿ ನಿಂತವರೆಲ್ಲ ಸರಿ ಅಂತ ಅಲ್ಲ, ಹಾಗೆ ನಿಂತು ಸುಳ್ಳಾಗಿ ಹೋದವರೇ ಜಾಸ್ತಿ, ಅವರ ಹೆಸರು ಉಳಿಯಲ್ಲ ಅಷ್ಟೇ. ನಾನು ನೋಡೋದು, ತಮ್ಮ ಮಾತನ್ನ ಬೇರೆಯವರು ಪರೀಕ್ಷೆ ಮಾಡೋ ಹಾಗೆ ಮುಂದಿಡ್ತಾರಾ ಅಂತ. ಶೆಕ್ಟ್‌ಮನ್ ಅನ್ನೋ ವಿಜ್ಞಾನಿ 1982ರಲ್ಲಿ ಹರಳಲ್ಲಿ ಇರಬಾರದು ಅಂತ ಪಾಠದಲ್ಲಿದ್ದ ಜೋಡಣೆ ಕಂಡ್ರು, ಅವರ ಸಂಶೋಧನಾ ಗುಂಪಿಂದ ಹೊರಗೆ ಹೋಗು ಅಂದ್ರು, ಎರಡು ನೊಬೆಲ್ ತಗೊಂಡಿದ್ದ ಪಾಲಿಂಗ್ ಕೊನೇ ತನಕ ಒಪ್ಪಲಿಲ್ಲ. ಆದ್ರೆ ಬೇರೆ ಲ್ಯಾಬುಗಳಲ್ಲಿ ಮಾಡಿ ನೋಡಿದವರಿಗೂ ಅದೇ ಕಾಣ್ತು, 2011ರಲ್ಲಿ ನೊಬೆಲ್. ನೀವು ಹೇಳಿದ ಡಾಕ್ಟರ ಹತ್ರನೂ ಅಂಕಿಅಂಶ ಇತ್ತು, ಆದ್ರೆ ಪೂರ್ತಿ ಬರೆದು ಪುಸ್ತಕ ಮಾಡಿದ್ದು 1861ರಲ್ಲಿ, ಅಷ್ಟು ತಡ ಆಗಿದ್ದು ದೊಡ್ಡ ನಷ್ಟ.

ಮಡಿಕೇರಿ ಸಿಸ್ಟರ್:
ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ತಡ ಆಗಿದ್ದು ನಿಜ, ಆಮೇಲೆ ವಿರೋಧಿಗಳನ್ನ ಕೊಲೆಗಾರರು ಅಂತ ಪತ್ರ ಬರೆದು ಇನ್ನಷ್ಟು ದೂರ ಮಾಡ್ಕೊಂಡ್ರು, ಆದ್ರೂ ಅಷ್ಟು ಸಾವು ಕಣ್ಣಾರೆ ನೋಡಿದವರಿಗೆ ಮೆತ್ತಗೆ ಮಾತಾಡಿ ಅಂತ ಹೇಳೋಕೆ ನಂಗೆ ಮನಸ್ಸು ಬರಲ್ಲ. ಮಾದಾಪುರದ ಅಣ್ಣ, ಬೆಳೆಗಾರರೇ, ಒಂದು ಕೇಳ್ತೀನಿ: 2018ಕ್ಕೆ ಮುಂಚೆ ನಮ್ಮ ಊರುಗಳ ಗ್ರಾಮಸಭೆಯಲ್ಲೇ ಬೆಟ್ಟ ಕಡೀಬೇಡಿ ಅಂತ ಎದ್ದು ಹೇಳಿದವರು ಇದ್ದೇ ಇರ್ತಾರಲ್ವಾ, ನಡಾವಳಿ ಪುಸ್ತಕದಲ್ಲಿ ಅವರ ಮಾತು ದಾಖಲಾಗಿರುತ್ತಾ? ಪಂಚಾಯ್ತಿಯಲ್ಲಿ ಆರ್‌ಟಿಐ ಹಾಕಿದ್ರೆ ಹಳೇ ನಡಾವಳಿ ಕಾಪಿ ಕೊಡ್ತಾರಾ? ಯಾರಾದ್ರೂ ತೆಗೆಸಿದ್ರೆ ಇಲ್ಲೇ ಹಾಕಿ.