'ಪರಿಶೀಲನ' ಮತ್ತು ತರಬೇತಿ: ಕಾಸರಗೋಡಿನಿಂದ ಒಂದು ಪದದ ಪ್ರಶ್ನೆ

ಗೆಳೆಯರೇ,

ಪದಗಳ ಬಗ್ಗೆ ಕೇಳುವುದಿದೆ. ಅದಕ್ಕೆ ಮೊದಲು ನನ್ನದೊಂದು ಎಡವಟ್ಟು ಹೇಳಬೇಕು. ಇಲ್ಲವಾದರೆ ಎಂತಕ್ಕೆ ಕೇಳುತ್ತಿದ್ದೇನೆ ಎಂದು ಗೊತ್ತಾಗುವುದಿಲ್ಲ.

ನಾನಿರುವುದು ಬದಿಯಡ್ಕದ ಹತ್ತಿರ. ಸಾಮಾಜಿಕ ಸಂಶೋಧನೆಗಾಗಿ ಮನೆಮನೆಗೆ ಹೋಗಿ ಮಾಹಿತಿ ತರುವವರಿಗೆ ಹೇಳಿಕೊಡುವ ಕೆಲಸ. ಯಾವ ಮನೆ ಆರಿಸಬೇಕು, ಪ್ರಶ್ನೆ ಹೇಗೆ ಓದಬೇಕು, ಉತ್ತರ ಹೇಗೆ ಬರೆದುಕೊಳ್ಳಬೇಕು, ಇಂಥದ್ದು. ಬರುವವರಲ್ಲಿ ಕುಟುಂಬಶ್ರೀಯ (ಕೇರಳದ ಮಹಿಳಾ ಸ್ವಸಹಾಯ ಸಂಘಗಳ) ಅಕ್ಕಂದಿರೇ ಜಾಸ್ತಿ. ಪಾಠದ ಹಾಳೆಗಳು ಮಲಯಾಳದಲ್ಲಿ ಬರುತ್ತವೆ, ಕನ್ನಡಕ್ಕೆ ತರುವುದು ನಾನು.

ಒಂದು ಸಲ ಕರೆಯೋಲೆಯ ತಲೆಬರಹ 'ಸರ್ವೆ ಪರಿಶೀಲನಂ' ಎಂದಿತ್ತು. ರಾತ್ರಿ ಹನ್ನೊಂದು ಗಂಟೆ, ಕಣ್ಣು ಎಳೆಯುತ್ತಿತ್ತು. ಬಾಲ ಒಂದು ಬದಲಿಸಿ 'ಸರ್ವೆ ಪರಿಶೀಲನೆ' ಎಂದು ಹೊಡೆದು ವಾಟ್ಸಾಪಿಗೆ ಬಿಟ್ಟೆ. ಮರುದಿನ ಬಂದ ಹದಿನಾಲ್ಕು ಮಂದಿಯಲ್ಲಿ ಆರು ಮಂದಿಯ ಕೈಯಲ್ಲಿ ರೇಷನ್ ಕಾರ್ಡ್! ಒಬ್ಬರು ತೀರ್ವೆ (ಭೂಕಂದಾಯ) ರಶೀದಿ ತಂದಿದ್ದರು. ಹಿಂದಿನ ಬೆಂಚಿನ ಅಕ್ಕ ಪ್ಲಾಸ್ಟಿಕ್ ಚೀಲ ಬಿಚ್ಚಿ ಜಾಗದ ಆಧಾರವನ್ನೇ ಹೊರಗೆ ತೆಗೆದರು. (ಕೇರಳದಲ್ಲಿ ಆಧಾರ ಅಂದರೆ ಜಾಗದ ಕ್ರಯಪತ್ರ. ಆಧಾರ್ ಕಾರ್ಡ್ ಬಂದ ಮೇಲಿನ ಗೊಂದಲ ಇನ್ನೊಂದು ದಿನ ಹೇಳುತ್ತೇನೆ.) "ಎಂತ ಮಾಷ್ಟ್ರೇ, ನಮ್ಮ ಸರ್ವೆ ನಂಬರ್ ತಪ್ಪಿದ್ದುಂಟಾ?" ಎಂದು ಕೇಳುವಾಗ ಅವರ ಮುಖದಲ್ಲಿ ನಿಜವಾದ ಹೆದರಿಕೆ ಇತ್ತು.

ಅವರದ್ದೇನೂ ತಪ್ಪಿಲ್ಲ. ಕನ್ನಡದಲ್ಲಿ ಪರಿಶೀಲನೆ ಎಂದರೆ ಕಾಗದಪತ್ರ ಸರಿ ಇದೆಯೋ ಎಂದು ನೋಡುವುದು. 'ಅರ್ಜಿ ಪರಿಶೀಲನೆಯಲ್ಲಿದೆ' ಎಂದರೆ ಇನ್ನು ಸುಮ್ನೆ ಕಾಯಿರಿ ಎಂದರ್ಥ. ಮಲಯಾಳದಲ್ಲಿ ಪರಿಶೀಲನಂ ಎಂದರೆ ತರಬೇತಿ, ಪರಿಶೀಲಕನ್ ಎಂದರೆ ತರಬೇತಿ ಕೊಡುವವನು. ಫುಟ್ಬಾಲ್ ಕೋಚ್ ಕೂಡ ಪರಿಶೀಲಕನೇ. ನಮ್ಮ ಪರಿಶೀಲನೆಗೆ ಅವರು 'ಪರಿಶೋಧನ' ಎನ್ನುತ್ತಾರೆ. ಅದನ್ನು ಹಾಗೇ ತಂದರೆ ನಮಗೆ ಲೆಕ್ಕ ಪರಿಶೋಧನೆ, ಅಂದರೆ ಆಡಿಟ್! ಒಂದು ಗುಂಡಿ ತಪ್ಪಿಸಿದರೆ ಇನ್ನೊಂದು.

ಸಂಸ್ಕೃತ ನಿಘಂಟು ತೆಗೆದು ನೋಡಿದೆ. ಪರಿಶೀಲನ ಎಂದರೆ ಒಂದರ ಜೊತೆ ಸತತ ಒಡನಾಟ, ಬಿಡದೆ ತೊಡಗುವುದು, ಅಭ್ಯಾಸ. ಅಂದರೆ ಮೂಲಕ್ಕೆ ಮಲಯಾಳವೇ ಹತ್ತಿರ, ಅಲ್ವಾ? ಬಿಡದೆ ನೋಡುವುದರಲ್ಲಿ ಅವರು 'ಬಿಡದೆ' ಎಂಬುದನ್ನು ಹಿಡಿದರು, ನಾವು 'ನೋಡು' ಎಂಬುದನ್ನು ಹಿಡಿದೆವು ಎಂದು ನನ್ನ ಊಹೆ. ನಮ್ಮ 'ಅನುಶೀಲನ'ದಲ್ಲಿ ಹಳೆಯ ಅರ್ಥ ಇನ್ನೂ ಸ್ವಲ್ಪ ಉಳಿದಿದೆ.

ಆ ದಿನದಿಂದ ನಾನು ಇಂಥವನ್ನು ಗುರುತು ಹಾಕಿಕೊಳ್ಳುತ್ತಿದ್ದೇನೆ. ಪ್ರಶ್ನಾವಳಿಗೆ ಅವರು ಚೋದ್ಯಾವಲಿ ಎನ್ನುತ್ತಾರೆ. ನಮಗೆ ಚೋದ್ಯ ಎಂದರೆ ಸೋಜಿಗ. ಕೆಲವು ಪ್ರಶ್ನಾವಳಿಗಳಿಗೆ ಚೋದ್ಯಾವಳಿ ಎಂಬ ಹೆಸರೇ ಸರಿ ಬಿಡಿ. ನಾಲ್ಕು ಸೆಂಟ್ ಜಾಗದಲ್ಲಿರುವವರಿಗೆ 'ನಿಮ್ಮಲ್ಲಿ ಟ್ರ್ಯಾಕ್ಟರ್ ಎಷ್ಟಿವೆ' ಎಂದು ಕೇಳುವುದು ಸೋಜಿಗವಲ್ಲದೆ ಇನ್ನೇನು? ಸಂದರ್ಶನ ಅಲ್ಲಿ ಅಭಿಮುಖಂ. ಕಾರ್ಯಾಗಾರ ಅಲ್ಲಿ ಶಿಲ್ಪಶಾಲ, ಕನ್ನಡದವರು ಕೇಳಿದರೆ ಉಳಿ ಸುತ್ತಿಗೆ ನೆನಪಾಗುತ್ತದೆ. ಇರಲಿ, ನಮ್ಮದೇ ಒಳ್ಳೆಯ ಮಾತು 'ಕಮ್ಮಟ' ಇದೆಯಲ್ಲ ಎಂದು 'ಸಂಶೋಧನಾ ಕಮ್ಮಟ' ಎಂದು ಬ್ಯಾನರ್ ಬರೆಸಿದೆ. ಮಲಯಾಳಿ ಸಹೋದ್ಯೋಗಿ ಓದಿಸಿಕೊಂಡು ಬಿದ್ದು ಬಿದ್ದು ನಕ್ಕರು. ಕಮ್ಮಟ ಮೊದಲು ನಾಣ್ಯ ಅಚ್ಚು ಹಾಕುವ ಜಾಗ. ಕನ್ನಡದಲ್ಲಿ ಆ ಅರ್ಥ ಹಿಂದೆ ಸರಿದು ಕಾವ್ಯಕಮ್ಮಟ, ಕಥಾಕಮ್ಮಟ ಬಂದವು. ಮಲಯಾಳದ ಕಮ್ಮಟ್ಟಂ ಈಗಲೂ ಪೇಪರಿನಲ್ಲಿ ಕಾಣುವುದು ಕಳ್ಳನೋಟಿನ ಸುದ್ದಿಯಲ್ಲೇ. "ಎಷ್ಟು ಅಚ್ಚಾಯಿತು?" ಎಂದು ಮಧ್ಯಾಹ್ನದವರೆಗೂ ಕೇಳುತ್ತಿದ್ದರು.

ನಗುವಂಥದ್ದು ಇದೆಲ್ಲ. ಒಂದು ಮಾತ್ರ ನಗುವಂಥದ್ದಲ್ಲ. ಸಂದರ್ಶನದ ಹಾಳೆಯಲ್ಲಿ ಉತ್ತರ ಹೇಳಲು 'ಅವಸರಂ ನಲ್ಕುಕ' ಎಂದಿತ್ತು. ಅವಕಾಶ ಕೊಡಿ ಎಂದು ಅದರ ಅರ್ಥ. ಕನ್ನಡ ಕರಡು ಮಾಡಿದ ಹುಡುಗಿ 'ಉತ್ತರ ಹೇಳಲು ಅವಸರ ಕೊಡಿ' ಎಂದು ಬರೆದಿದ್ದಳು. ಆತುರ ಮಾಡಿಸಿ ಎಂದ ಹಾಗಾಯಿತು, ಪೂರ್ತಿ ಉಲ್ಟಾ! ಸಿಕ್ಕಿಬಿದ್ದದ್ದು ಹೇಗೆ ಎಂದರೆ, ಮೂಲ ನೋಡದವರೊಬ್ಬರ ಕೈಗೆ ಕನ್ನಡ ಹಾಳೆ ಕೊಟ್ಟು ಮತ್ತೆ ಮಲಯಾಳಕ್ಕೆ ತರಿಸುತ್ತೇವೆ. ಆಮೇಲೆ ಎರಡು ಮಲಯಾಳವನ್ನೂ ಪಕ್ಕ ಪಕ್ಕ ಇಟ್ಟು ನೋಡುತ್ತೇವೆ. ಸಮೀಕ್ಷೆ ಮಾಡುವವರಲ್ಲಿ ಇದು ಹಳೆಯ ರೂಢಿ. ನನ್ನ ಕರೆಯೋಲೆಗೂ ಅದನ್ನೇ ಮಾಡಬೇಕಿತ್ತು. ಒಂದು ಸಾಲಿಗೆ ಯಾರು ಮಾಡುತ್ತಾರೆ ಎಂದು ಬಿಟ್ಟೆ.

ಈಗ ಪ್ರಶ್ನೆಗೆ ಬರುತ್ತೇನೆ. 'ತರಬೇತಿ'ಯ ಬಗ್ಗೆ ನನಗೆ ತಕರಾರಿಲ್ಲ. ಅರಬ್ಬಿಯ ತರ್ಬಿಯತ್ ಪಾರಸಿಯ ದಾರಿ ಹಿಡಿದು ಬಂದು ನಮ್ಮದಾಗಿದೆ. ಆದರೆ ತರಬೇತಿ ಕೋಣೆಯಲ್ಲಿ ಮುಗಿಯುತ್ತದೆ. ಆಮೇಲೆ ಮನೆ ಮನೆ ಸುತ್ತಿ ಕೈ ಕುದುರುವ ಹಂತ ಇದೆಯಲ್ಲ, ಅದಕ್ಕೊಂದು ಪದ ಬೇಕು. 'ಪಳಗುವುದು' ಚೆನ್ನಾಗಿದೆ. 'ಪಳಗಿಸುವುದು' ಎಂದ ಕೂಡಲೇ ಆನೆ ಕಣ್ಣಮುಂದೆ ಬರುತ್ತದೆ. ನಮ್ಮ ಅಕ್ಕಂದಿರು ತಾವೇ ಒಂದು ಕಟ್ಟಿಕೊಂಡಿದ್ದಾರೆ. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ಯಕ್ಷಗಾನ ಗೊತ್ತಿಲ್ಲದವರು ಇಲ್ಲಿ ಕಡಿಮೆ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಮೊದಲು ಕೋಡಂಗಿ ಕುಣಿಯಬೇಕು, ಆಮೇಲೆ ಬಾಲಗೋಪಾಲ. ಹಾಗೆ ಅಭ್ಯಾಸಕ್ಕೆಂದು ಹೋಗುವ, ಲೆಕ್ಕಕ್ಕೆ ಸೇರದ ಮೊದಲ ಎರಡು ಮನೆಗಳಿಗೆ ಇವರು 'ಕೋಡಂಗಿ ಮನೆ' ಎನ್ನುತ್ತಾರೆ. ಕೋಡಂಗಿ ಹೋದವರು, ಮನೆಯವರಲ್ಲ! ಕೈಪಿಡಿಯಲ್ಲಿ ಅಚ್ಚು ಹಾಕಿಸಲು ಧೈರ್ಯ ಸಾಲದು.

ಅದಕ್ಕಿಂತ ಕಷ್ಟದ್ದು ಇನ್ನೊಂದು. ಅಭ್ಯಾಸಕ್ಕೆಂದು ಒಬ್ಬಳು ಒಬ್ಬ ಅಜ್ಜಿಯನ್ನು ಕೇಳಿದಳು, "ಮನೆಯಲ್ಲಿ ಯಾರಿಗಾದರೂ ಕಾಯಿಲೆ ಉಂಟಾ?" ಅಜ್ಜಿ ವೀಳ್ಯದೆಲೆಯ ನಾರು ತೆಗೆಯುತ್ತಾ "ಹಾಗೇನಿಲ್ಲ" ಎಂದರು. ಇವಳು 'ಇಲ್ಲ' ಎಂದು ಗೀಟು ಎಳೆದಳು. 'ಹಾಗೇನಿಲ್ಲ' ಎಂದರೆ 'ಇಲ್ಲ' ಅಲ್ಲ ಎಂದು ಕನ್ನಡದಲ್ಲಿ ಬೆಳೆದವರಿಗೆ ಗೊತ್ತು. ನಾನು ಸನ್ನೆ ಮಾಡಿ ತಡೆದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವಳು "ಹಾಗೇನಿಲ್ಲ ಅಂದರೆ ಹೇಗೆ ಅಜ್ಜಿ?" ಎಂದು ಮೆಲ್ಲ ಕೇಳಿದಳು. ಆಗ ಬಂತು, ಮಗನಿಗೆ ಎರಡು ವರ್ಷದಿಂದ ಸಕ್ಕರೆ ಕಾಯಿಲೆ.

ಹೀಗೆ ಉತ್ತರವನ್ನು ನಾವೇ ಬಾಯಿಗೆ ತುರುಕದೆ, ಇನ್ನೂ ಸ್ವಲ್ಪ ಹೇಳಿಸುವುದಕ್ಕೆ ಏನೆನ್ನಬೇಕು? ಮಲಯಾಳದ ಪಾಠದಲ್ಲೂ ಇಂಗ್ಲಿಷಿನ 'ಪ್ರೋಬ್' ಎಂದೇ ಇದೆ. ನಾನು ಮೊದಲು 'ಕೆದಕಿ ಕೇಳು' ಎಂದು ಬರೆದೆ. ಕೆದಕುವುದು ಕೋಳಿ, ಮಲಯಾಳದ ಚಿಕಯುಕ ಕೂಡ ಕೋಳಿಯ ಕೆಲಸವೇ. ಆದರೆ ಹುಣ್ಣನ್ನೂ ಕೆದಕುತ್ತಾರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರುಗಳು ನಮ್ಮ ಎಣ್ಮಕಜೆ ಕಡೆ ಇವೆ. ಸಿಂಪಡಣೆ 2000ದಲ್ಲಿ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನೇ ನಿಷೇಧಿಸಿತು. ಆ ಮನೆಗಳಲ್ಲಿ ಕುಳಿತು ಕಾಯಿಲೆಯ ಬಗ್ಗೆ 'ಕೆದಕಿ ಕೇಳು' ಎಂದು ಹೇಳಿಕೊಡಲು ನನ್ನಿಂದಾಗುವುದಿಲ್ಲ. ಹೊಡೆದು ಹಾಕಿದೆ.

'ಬಿಡಿಸಿ ಕೇಳು' ಎಂದು ಬದಲಿಸಿದೆ. ಹಲಸಿನ ಸೊಳೆ ಬಿಡಿಸಿದ ಹಾಗೆ ಮೆತ್ತಗೆ ಇದೆ, ನನಗೆ ಇಷ್ಟವೂ ಆಯಿತು. ಆದರೆ 'ಬಿಡಿಸಿ ಹೇಳು' ಎಂದರೆ ವಿವರಿಸು ಎಂದಲ್ಲವೇ? ಎರಡು ಮಂದಿ ಅದೇ ಧಾಟಿಯಲ್ಲಿ ಪ್ರಶ್ನೆಯನ್ನು ವಿವರಿಸಲು ಹೊರಟರು. "ಕಾಯಿಲೆ ಅಂದರೆ ಬಿಪಿ, ಶುಗರ್, ಅಂಥದ್ದು ಉಂಟಲ್ಲ?" ಎಂದರು. ಯಾವುದನ್ನು ಮಾಡಬಾರದೋ ಅದೇ. 'ತಿರುಗಿ ಕೇಳು' ಜಗಳದ ಹಾಗೆ ಕೇಳಿಸುತ್ತದೆ. 'ಆಳವಾಗಿ ಪ್ರಶ್ನಿಸು' ಎಂದರೆ ಪೊಲೀಸ್ ಠಾಣೆ.

ಬೇರೆ ಗಡಿಗಳಲ್ಲಿರುವವರನ್ನೂ ಕೇಳುತ್ತೇನೆ. ತೆಲುಗಿನಲ್ಲಿ ಶಿಕ್ಷಣ ಎಂದರೆ ತರಬೇತಿ, ನಮಗೆ ಶಾಲೆಯ ಓದು. ಮಡಕಶಿರ, ರಾಯದುರ್ಗದ ಕಡೆ ಈ ಎಡವಟ್ಟು ಆಗುತ್ತದೆಯೇ? ಅಕ್ಕಲಕೋಟೆಯವರಿಗೆ ಮರಾಠಿಯ ಪ್ರಶಿಕ್ಷಣ ಇದೆ. ನಮ್ಮ ಬಿಎಡ್ ಕಾಲೇಜುಗಳ ಪ್ರಶಿಕ್ಷಣಾರ್ಥಿಗಳಿಂದಾಗಿ ಅದು ಹೇಗೋ ನಡೆಯುತ್ತದೆ. ತಾಳವಾಡಿ, ಹೊಸೂರಿನವರು ತಮಿಳಿನ ಪಯಿರ್ಚಿಯನ್ನು ಕನ್ನಡ ಮಾತಾಡುವಾಗ ಹಾಗೇ ಬಳಸುತ್ತೀರಾ? ಮುಖ್ಯವಾಗಿ, ಬಾಯಿ ಬಿಡಿಸುವುದಕ್ಕೆ ನಿಮ್ಮ ಮನೆಮಾತಿನಲ್ಲಿ ಏನಂತೀರಿ? ತುಳು, ಹವ್ಯಕ, ಕರಾಡ, ಯಾವುದಾದರೂ ಸರಿ. ಅಜ್ಜಿ ಹೇಳಿದ್ದಾದರೆ ಇನ್ನೂ ಒಳ್ಳೆಯದು.

ಮುಂದಿನ ತಂಡ ಬರಲು ಇಪ್ಪತ್ತು ದಿನ ಇದೆ. ಕೈಪಿಡಿಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ. ಕರೆಯೋಲೆ ಈ ಸಲ 'ತರಬೇತಿ' ಎಂದೇ ಹೋಯಿತು. ಕೆಳಗೆ ಒಬ್ಬಳು 'ರೇಷನ್ ಕಾರ್ಡ್ ತರುವುದು ಬೇಡ' ಎಂದು ತಾನೇ ಸೇರಿಸಿದ್ದಾಳೆ.