ಕಬ್ಬಿಣದ ಹೊರೆಯೋ, ಕಬ್ಬಿಣದ ಹೂಳೋ?

ಎಲ್ಲರಿಗೂ ನಮಸ್ಕಾರ. ಡಾಕ್ಟರು ‘ಐರನ್ ಓವರ್‌ಲೋಡ್’ ಅನ್ನುವುದಕ್ಕೆ, ಅಂದರೆ ಮೈಯಲ್ಲಿ ಕಬ್ಬಿಣ ಜಾಸ್ತಿಯಾಗಿ ಕೂರುವುದಕ್ಕೆ, ಒಂದು ಕನ್ನಡ ಪದ ಹುಡುಕುತ್ತಿದ್ದೇನೆ, ಸ್ವಲ್ಪ ಅರ್ಜೆಂಟಿದೆ.

ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಥಲಸ್ಸೀಮಿಯಾ ಇರುವ ಮಕ್ಕಳಿಗೆ ರಕ್ತ ಹಾಕುತ್ತಾರೆ. ಅಲ್ಲಿನ ಡಾಕ್ಟರೊಬ್ಬರು ಮಕ್ಕಳ ಅಪ್ಪ ಅಮ್ಮಂದಿರಿಗೆ ಹಂಚಲು ಎರಡು ಪುಟ ಬರೆದು, ‘ಮೇಷ್ಟ್ರೇ, ಇದನ್ನ ಜನ ಓದೋ ಹಂಗೆ ಮಾಡಿಕೊಡಿ’ ಅಂತ ನನ್ನ ಕೈಗಿಟ್ಟರು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು ನಾನು, ಸುಲಭ ಅಂದುಕೊಂಡೆ. ಮೊದಲ ಸಾಲೇ ಹೀಗಿತ್ತು: ‘ಕಬ್ಬಿಣಾಂಶದ ಆಧಿಕ್ಯದಿಂದ ನಿರ್ನಾಳ ಗ್ರಂಥಿಗಳ ಕಾರ್ಯದಲ್ಲಿ ವ್ಯತ್ಯಯ ಉಂಟಾಗಬಹುದು.’ ರಕ್ತ ಹಾಕುವ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತವರಿಗೆ ಓದಿ ಹೇಳಿದೆ. ಒಬ್ಬ ಅಪ್ಪ ಗಾಬರಿಯಾಗಿ ‘ನಿರ್ನಾಮ ಆಗ್ತಾವಾ ಸಾರ್?’ ಅಂದ. ನಿರ್ನಾಳ ಅವನ ಕಿವಿಗೆ ನಿರ್ನಾಮವಾಗಿ ಬಿದ್ದಿತ್ತು. ಆ ಪದವನ್ನು ಅಲ್ಲೇ ಹೊಡೆದು ಹಾಕಿದೆ. ಹಾರ್ಮೋನ್ ಗ್ರಂಥಿ ಅಂದರೆ ಸಾಕು, ಥೈರಾಯ್ಡ್ ದೆಸೆಯಿಂದ ಆ ಮಾತು ಈಗ ಎಲ್ಲರ ಮನೆಯಲ್ಲೂ ಇದೆ.

ನನ್ನ ನಿಜವಾದ ಕಷ್ಟ ಇರುವುದು ‘ಕಬ್ಬಿಣಾಂಶ’ದಲ್ಲಿ.

ವಿಷಯ ಹೊಸದಾದವರಿಗೆ ಒಂದೆರಡು ಮಾತು. ಥಲಸ್ಸೀಮಿಯಾ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ. ಅಪ್ಪ, ಅಮ್ಮ ಇಬ್ಬರಲ್ಲೂ ಅದರ ಒಂದೊಂದು ಪಾಲು ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಪೂರಾ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಜೋರಾಗಿದ್ದರೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು. ಒಂದು ಚೀಲ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ನಮ್ಮ ಮೈ ಊಟದಿಂದ ದಿನಕ್ಕೆ ಹೀರಿಕೊಳ್ಳುವುದು 1ರಿಂದ 2 ಮಿಲಿಗ್ರಾಂ, ಕಳೆದುಕೊಳ್ಳುವುದೂ ಅಷ್ಟೇ. ಜಾಸ್ತಿ ಬಂದದ್ದನ್ನು ಹೊರಗೆ ಹಾಕುವ ದಾರಿ ಮೈಗೆ ಇಲ್ಲ. ವರ್ಷಕ್ಕೆ ಹದಿನೈದು ಚೀಲ ಹಾಕಿಸಿಕೊಂಡರೆ 3 ಗ್ರಾಂ ಆಯಿತಲ್ಲ, ಬೆಳೆದ ಆಳಿನ ಇಡೀ ಮೈಯಲ್ಲಿ ಇರುವುದೇ 3ರಿಂದ 4 ಗ್ರಾಂ! ಅದೆಲ್ಲ ಹೋಗಿ ಲಿವರಿನಲ್ಲಿ, ಹೃದಯದಲ್ಲಿ, ಹಾರ್ಮೋನ್ ಗ್ರಂಥಿಗಳಲ್ಲಿ ಕೂರುತ್ತದೆ.

ಇದನ್ನು ‘ಕಬ್ಬಿಣಾಂಶ ಜಾಸ್ತಿಯಾಗಿದೆ’ ಅಂತ ಬರೆದರೆ ಓದಿದವರು ಒಳ್ಳೆಯದಾಯಿತು ಅಂದುಕೊಳ್ಳುತ್ತಾರೆ. ತಮಾಷೆ ಅಲ್ಲ. ರಕ್ತ ಕಡಿಮೆ ಅಂದರೆ ಕಬ್ಬಿಣಾಂಶ ಕಡಿಮೆ, ನುಗ್ಗೆಸೊಪ್ಪು ತಿನ್ನಿ, ಬೆಲ್ಲ ಶೇಂಗಾ ತಿನ್ನಿ, ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆ ತಪ್ಪಿಸಬೇಡಿ ಅಂತ ನಾವೇ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇವೆ, ನಾನೇ ಕ್ಲಾಸಿನಲ್ಲಿ ನಿಂತು ನುಂಗಿಸಿದ್ದೇನೆ. ಥಲಸ್ಸೀಮಿಯಾ ಮಗುವಿಗೂ ರಕ್ತ ಕಡಿಮೆಯೇ. ಆದರೆ ಕಬ್ಬಿಣ ಕಡಿಮೆ ಅಲ್ಲ, ತದ್ವಿರುದ್ಧ. ‘ರಕ್ತಹೀನತೆ’ ಅನ್ನುವ ಒಂದೇ ಕೊಡೆಯ ಕೆಳಗೆ ಎರಡನ್ನೂ ನಿಲ್ಲಿಸಿಬಿಟ್ಟಿದ್ದೇವೆ. ಬೆಂಚಿನ ಮೇಲಿದ್ದ ಒಬ್ಬ ಅಜ್ಜಿ ಮೊಮ್ಮಗನಿಗೆ ದಿನಾ ಕಬ್ಬಿಣದ ಟಾನಿಕ್ ಕುಡಿಸುತ್ತಿದ್ದರಂತೆ. ಯಾಕಜ್ಜಿ ಅಂದರೆ, ‘ರಕ್ತ ಕಮ್ಮಿ ಐತಿ ಅಂತ ಡಾಕ್ಟ್ರೇ ಹೇಳ್ಯಾರಲ್ಲಪ್ಪಾ’ ಅಂದರು. ಅಜ್ಜಿ ಮಾತಿನಲ್ಲಿ ಏನು ತಪ್ಪಿದೆ, ಹೇಳಿ?

‘ಅಂಶ’ ಸೇರಿದರೆ ಪದಕ್ಕೆ ಒಂದು ಪೌಷ್ಟಿಕದ ವಾಸನೆ ಬರುತ್ತದೆ ಅಂತ ನನ್ನ ಅನುಮಾನ. ಸುಣ್ಣದ ಅಂಶ, ಕಬ್ಬಿಣಾಂಶ, ಎಲ್ಲ ಒಳ್ಳೆಯದೇ. ಸಕ್ಕರೆ ಅಂಶ ಮಾತ್ರ ಈಚೆಗೆ ಕೆಟ್ಟಿದೆ. ಹಾಗಾಗಿ ಅಂಶ ಬಿಟ್ಟು ಬರೀ ‘ಕಬ್ಬಿಣ’ ಅಂತ ಬರೆಯಲು ತೀರ್ಮಾನಿಸಿದ್ದೇನೆ. ಅದರ ಮುಂದೆ ಏನು?

‘ಅತಿಭಾರ’ ಲಾರಿಗೆ ಸರಿ. ‘ಕಬ್ಬಿಣದ ಹೊರೆ’ ಅಂತ ಬರೆದು ಒಬ್ಬ ತಾಯಿಗೆ ತೋರಿಸಿದೆ, ಆಕೆ ಹಾಳೆ ವಾಪಸ್ ಕೊಟ್ಟು ‘ನನ್ನ ಮಗ ಯಾರಿಗೂ ಹೊರೆ ಅಲ್ಲ ಸಾರ್’ ಅಂದರು. ಅದು ಆ ಅರ್ಥ ಅಲ್ಲಮ್ಮ ಅಂತ ವಿವರಿಸಬಹುದಿತ್ತು. ವಿವರಿಸಬೇಕಾದ ಪದ ಆ ಹಾಳೆಯಲ್ಲಿ ಇರಬಾರದು, ಅಲ್ವಾ? ‘ನಂಜು’ ಅಂದರೆ ಕೀವು, ಸೋಂಕು ಅಂತ ಹೋಗುತ್ತದೆ, ಬದನೆಕಾಯಿ ಬಿಡಬೇಕಾ ಅಂತ ಕೇಳುತ್ತಾರೆ. ‘ತುಕ್ಕು’ ನನಗೆ ಮೊದಲು ಬಹಳ ಹಿಡಿಸಿತ್ತು. ಫ್ರೆಂಚರು ಹಿಂದೆ ಮೈಯಲ್ಲಿ ಕಬ್ಬಿಣ ಕೂತು ಚರ್ಮ ಕಪ್ಪಾಗಿ ಸಕ್ಕರೆ ಕಾಯಿಲೆ ಬಂದವರನ್ನು ನೋಡಿ ‘ಕಂಚಿನ ಸಕ್ಕರೆ ಕಾಯಿಲೆ’ ಅಂದಿದ್ದರಂತೆ, ಅವರು ಕಂಚು ಅಂದರೆ ನಾವು ತುಕ್ಕು ಅನ್ನೋಣ ಅಂದುಕೊಂಡೆ. ಆದರೆ ಹತ್ತು ವರ್ಷದ ಹುಡುಗಿಗೆ ನಿನಗೆ ತುಕ್ಕು ಹಿಡಿದಿದೆ ಅನ್ನಲು ಬಾಯಿ ಬರುತ್ತದಾ? ಶಾಲೆಯಲ್ಲಿ ಅವಳಿಗೆ ಅದೇ ಅಡ್ಡಹೆಸರಾಗುತ್ತದೆ.

ಪದ ಕೊಟ್ಟವರು ಭೀಮಸಮುದ್ರದ ಕಡೆಯ ಒಬ್ಬ ಅಜ್ಜ. ಮೊಮ್ಮಗಳನ್ನು ಬಸ್ಸಿನಲ್ಲಿ ಕರೆದುಕೊಂಡು ಬರುತ್ತಾರೆ. ನಾನು ಚೀಲದ ಲೆಕ್ಕ ಹೇಳುತ್ತಿದ್ದಾಗ ಎಲೆ ಅಡಿಕೆ ಮೆಲ್ಲುತ್ತಾ ಕೇಳಿ, ‘ಹಂಗಂದ್ರೆ ಹೂಳು ಅನ್ರಿ’ ಅಂದರು. ‘ಕೆರಿಗೆ ನೀರು ಬೇಕು, ನೀರಿನ ಜತಿಗೆ ಮಣ್ಣೂ ಬರ್ತೈತಿ. ನೀರು ಬ್ಯಾಡ ಅನ್ನಂಗಿಲ್ಲ. ಹೂಳು ತೆಗೀಬೇಕು ಅಷ್ಟೇ.’

ನಾನು ಸುಮ್ನೆ ಕೂತುಬಿಟ್ಟೆ. ರಕ್ತ ಬೇಕೇ ಬೇಕು, ಅದರ ಜೊತೆ ಬರುವ ಕಬ್ಬಿಣ ಬೇಡ, ಅದು ತಾನಾಗಿ ಹೋಗುವುದಿಲ್ಲ, ತೆಗೆಯುತ್ತಲೇ ಇರಬೇಕು. ಸೂಳೆಕೆರೆ ಹೂಳಿನ ಮಾತು ಕೇಳಿ ಬೆಳೆದ ಈ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಕಬ್ಬಿಣ ತೆಗೆಯುವ ಔಷಧಿಯೂ ಇದರ ಜೊತೆ ತಾನೇ ಕೂತುಬಿಡುತ್ತದೆ: ಹೂಳೆತ್ತುವ ಔಷಧಿ. ಡಾಕ್ಟರು ಅದನ್ನು ಕೀಲೇಷನ್ ಅನ್ನುತ್ತಾರೆ. ಏಡಿಯ ಇಕ್ಕಳಕ್ಕೆ ಗ್ರೀಕಿನಲ್ಲಿರುವ ಪದದಿಂದ 1920ರಲ್ಲಿ ಕಟ್ಟಿದ್ದಂತೆ, ಔಷಧಿ ಕಬ್ಬಿಣವನ್ನು ಏಡಿಯ ಹಾಗೆ ಕಚ್ಚಿ ಹಿಡಿಯುತ್ತದೆ ಅಂತ. ಚೆಂದದ ಚಿತ್ರವೇ, ಆದರೆ ಹಿಡಿದದ್ದು ಹೊರಗೆ ಹೋಗುತ್ತದೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಮುಂಚೆ ರಾತ್ರಿಯಿಡೀ ಹೊಟ್ಟೆಯ ಚರ್ಮದ ಕೆಳಗೆ ಸೂಜಿ ಇಟ್ಟು ಪಂಪಿನಲ್ಲಿ ಕೊಡುವ ಡೆಸ್ಫೆರಾಲ್ ಒಂದೇ ಇತ್ತು, ಈಗ ಮಾತ್ರೆ ಬಂದಿವೆ. ಅವುಗಳಲ್ಲಿ ಡೆಫೆರಿಪ್ರೋನ್ ಅನ್ನುವುದನ್ನು ತೆಗೆದುಕೊಳ್ಳುವ ಮಕ್ಕಳ ಉಚ್ಚೆ ಕೆಂಪಗಾಗುತ್ತದೆ. ಮನೆಯವರು ರಕ್ತ ಹೋಗುತ್ತಿದೆ ಅಂತ ಹೆದರಿ ಮಾತ್ರೆ ನಿಲ್ಲಿಸುತ್ತಾರಂತೆ. ಹೋಗುತ್ತಿರುವುದು ಹೂಳು ಅಂದರೆ ಹೆದರಿಕೆ ಇಲ್ಲ.

ಒಂದೇ ತಕರಾರು. ‘ಹೂಳು’ ಅಂದರೆ ಹುಗಿ ಅಂತಲೂ ಇದೆ. ಕಾಯಿಲೆಯ ಮಗುವಿನ ಹಾಳೆಯಲ್ಲಿ ಆ ಪದವೇ ಅಂತ ನನ್ನ ಮನೆಯಾಕೆ ಮುಖ ಸಿಂಡರಿಸಿದಳು. ನಮ್ಮ ಕಡೆ ಅದಕ್ಕೆ ‘ಮಣ್ಣು ಮಾಡು’ ಅನ್ನುವುದೇ ರೂಢಿ, ಹೂಳು ಅಂದರೆ ಮೊದಲು ನೆನಪಾಗುವುದು ಕೆರೆ ಅಂತ ನನ್ನ ವಾದ. ಮಂಡ್ಯ, ಮಂಗಳೂರು, ಧಾರವಾಡದ ಕಡೆ ಹೇಗೆ ಕೇಳಿಸುತ್ತದೆ? ಇದನ್ನು ದಯವಿಟ್ಟು ಹೇಳಿ.

ಇನ್ನೊಂದು ಪದ ಇದಕ್ಕಿಂತ ಕಷ್ಟ, ಹುಡುಗರು ವಯಸ್ಸಿಗೆ ಬರುವುದಕ್ಕೆ ಬೇಕಾದದ್ದು. ಮೆದುಳಿನ ಬುಡದಲ್ಲಿ ಪಿಟ್ಯೂಟರಿ ಅಂತ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿ ಇದೆ, ಅದರೊಳಗೆ ಈ ಹೂಳು ಕೂತರೆ ಅದು ಅಕ್ಷರಶಃ ಕಬ್ಬಿಣದ ಕಡಲೆಯೇ ಆಗುತ್ತದೆ. ಮಕ್ಕಳು ಎತ್ತರ ಆಗುವುದು, ವಯಸ್ಸಿಗೆ ಬರುವುದು ಅದರ ಹುಕುಮಿನಿಂದ. ಥೈರಾಯ್ಡ್ ಕೆಟ್ಟರೆ ಮಾತ್ರೆ ಇದೆ, ಅದರ ಪಕ್ಕದ ಪ್ಯಾರಾಥೈರಾಯ್ಡ್ ಕೆಟ್ಟರೆ ಸುಣ್ಣದ ಅಂಶ ಇಳಿದು ಬೆರಳು ಜೋಮು ಹಿಡಿದು ಸೆಟೆದುಕೊಳ್ಳುತ್ತವೆ, ಪ್ಯಾಂಕ್ರಿಯಾಸ್ ಕೆಟ್ಟರೆ ಶುಗರ್ ಬರುತ್ತದೆ. ಇದನ್ನೆಲ್ಲ ಹೇಗೋ ಬರೆದೆ. ಆದರೆ ಹಾರ್ಮೋನ್ ತೊಂದರೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದೇ ವಯಸ್ಸಿಗೆ ಬರುವುದು ತಡವಾಗುವುದು, ಅಥವಾ ಅರ್ಧಕ್ಕೆ ನಿಲ್ಲುವುದು. ಹುಡುಗಿಗೆ 13, ಹುಡುಗನಿಗೆ 14 ತುಂಬಿದರೂ ಮೈಯಲ್ಲಿ ಬದಲಾವಣೆಯ ಸುಳಿವೇ ಇಲ್ಲದಿದ್ದರೆ ಡಾಕ್ಟರಿಗೆ ಹೇಳಬೇಕು.

ಹುಡುಗಿಯ ವಿಷಯ ಅಮ್ಮಂದಿರೇ ಹೇಳುತ್ತಾರೆ. ಹರಪನಹಳ್ಳಿ ಕಡೆಯಾಕೆ ‘ಇನ್ನೂ ದೊಡ್ಡಾಕಿ ಆಗಿಲ್ರಿ’ ಅಂದುಬಿಡುತ್ತಾಳೆ. ಹುಡುಗನಿಗೆ? ಮೀಸೆ ಚಿಗುರಿಲ್ಲ, ಗಂಟಲು ಒಡೆದಿಲ್ಲ ಅಂತ ತುಂಡು ತುಂಡಾಗಿ ಹೇಳಬೇಕು, ಅಥವಾ ‘ಚಿಕ್ಕೋನಾಗೇ ಕಾಣ್ತಾನೆ’ ಅಂತ ನಕ್ಕು ಬಿಡುತ್ತಾರೆ. ಪದ ಇಲ್ಲದ್ದಕ್ಕೆ ದೂರೂ ಬರುವುದಿಲ್ಲ, ಹದಿನೇಳು ಹದಿನೆಂಟು ಆದಮೇಲೆ ಕರೆತರುತ್ತಾರೆ ಅಂತ ಡಾಕ್ಟರು ಬೇಜಾರು ಮಾಡಿಕೊಂಡರು. ‘ಪ್ರೌಢಾವಸ್ಥೆ’ ಬೇಡವೇ ಬೇಡ. ‘ಮೈನೆರೆ’ ನನಗೆ ಇಷ್ಟ. ನೆರೆ ಅಂದರೆ ತುಂಬು, ಪೂರ್ತಿಯಾಗು. ಹಾಗೆ ನೋಡಿದರೆ ಅದರಲ್ಲಿ ಹೆಣ್ಣು ಅನ್ನುವುದು ಎಲ್ಲೂ ಇಲ್ಲ, ನಾವು ರೂಢಿಯಲ್ಲಿ ಅವಳಿಗೆ ಕಟ್ಟಿದ್ದೇವೆ. ‘ಹುಡುಗ ಮೈನೆರೆದಿಲ್ಲ’ ಅಂತ ಬರೆದರೆ ಜನ ನಗುತ್ತಾರಾ? ‘ಪ್ರಾಯಕ್ಕೆ ಬಂದಿಲ್ಲ’ ಸಾಕಾ? ಗಂಡುಮಕ್ಕಳಿಗೆ ನಿಮ್ಮ ಮನೆಗಳಲ್ಲಿ ಅಜ್ಜಿಯರು ಬಳಸುತ್ತಿದ್ದ ಮಾತು ಏನಾದರೂ ಇದ್ದರೆ ಬರೆಯಿರಿ. ಮಂಗಳವಾರ ಹಾಳೆ ಪ್ರೆಸ್ಸಿಗೆ ಹೋಗುತ್ತದೆ, ಆ ಒಂದು ಸಾಲು ಇನ್ನೂ ಖಾಲಿ ಇದೆ.