ಹೆನ್ರಿ ರೀಡ್ ಅವರ ಫಿಡಲ್ ಮುದ್ರಿಕೆಗಳು: ನನ್ನ ಪಿಟೀಲಿಗೆ ಶ್ರುತಿ ಏಕೆ ಕೂಡುತ್ತಿಲ್ಲ?

ಪ್ರಶ್ನೆ

ಹಲವು ವರ್ಷ ಕರ್ನಾಟಕ ಸಂಗೀತದ ಪಿಟೀಲು ಕಲಿತ ನಾನು ಈಚೆಗೆ ಅಮೆರಿಕದ ಅಪಲೇಚಿಯನ್ ಬೆಟ್ಟಸೀಮೆಯ ಫಿಡಲ್ (ಜನಪದರ ಪಿಟೀಲು) ಸಂಗೀತದ ಬೆನ್ನು ಹತ್ತಿದ್ದೇನೆ. ವರ್ಜೀನಿಯಾದ ಗ್ಲೆನ್ ಲಿನ್ ಊರಿನ ಹೆನ್ರಿ ರೀಡ್ (1884–1968) ನುಡಿಸಿದ್ದನ್ನು, ಆಗ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಆಲನ್ ಜಬೂರ್ 1966–67ರಲ್ಲಿ ಟೇಪಿನಲ್ಲಿ ಹಿಡಿದಿಟ್ಟರು. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಜಾಲತಾಣದಲ್ಲಿ ಆ ಸಂಗ್ರಹದ 184 ಮುದ್ರಿಕೆಗಳನ್ನು ಯಾರು ಬೇಕಾದರೂ ಕೇಳಬಹುದು. ಫಿಡಲ್ ಎಂದಮೇಲೆ ಪಾಶ್ಚಾತ್ಯ ಕ್ರಮವೇ ಇರಬೇಕೆಂದು ತಂತಿಗಳನ್ನು ಜಿ-ಡಿ-ಎ-ಇ ಎಂದು ಕೂಡಿಸಿಕೊಂಡು ಜೊತೆಗೆ ನುಡಿಸಲು ಕೂತರೆ, ಕೆಲವು ಮಟ್ಟುಗಳಲ್ಲಿ ನನ್ನ ಶ್ರುತಿ ಕೂದಲೆಳೆಯಷ್ಟು ತಗ್ಗಿ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಾಗಿ, ಈ ಸೀಮೆಯ ಹಳಬರ ವಾದನದಲ್ಲಿ ಸದಾ ಕೇಳಿಬರುವ ಝೇಂಕಾರ ನನ್ನ ವಾದ್ಯದಿಂದ ಹೊರಡುವುದೇ ಇಲ್ಲ. ದೋಷ ಟೇಪಿನದೋ, ನನ್ನದೋ?

ಮೊದಲ ಉತ್ತರ

ಝೇಂಕಾರಕ್ಕೆ ಬೇಕಾದದ್ದನ್ನು ನೀವೇ ಬಿಚ್ಚಿಟ್ಟು ಕೂತಿದ್ದೀರಿ! ಎ ಶ್ರುತಿಯ ಅನೇಕ ಮಟ್ಟುಗಳಿಗೆ ಅಲ್ಲಿನ ಹಳೆಯ ವಾದಕರು ದಪ್ಪ ತಂತಿಗಳೆರಡನ್ನೂ ಒಂದೊಂದು ಪೂರ್ಣ ಸ್ವರ ಏರಿಸಿ ಎ-ಇ-ಎ-ಇ ಎಂದು ಕೂಡಿಸುತ್ತಿದ್ದರು. ಅದು ನಮ್ಮ ಕರ್ನಾಟಕ ಪಿಟೀಲಿಗೆ ಕೂಡಿಸುವ ಸ-ಪ-ಸ-ಪ ಅಲ್ಲದೆ ಬೇರೇನೂ ಅಲ್ಲ. ಕಮಾನು ಒಂದು ತಂತಿಯ ಮೇಲೆ ಮಟ್ಟನ್ನು ನಡೆಸುತ್ತಿರುವಾಗಲೇ ಬೆರಳಿಡದ ಪಕ್ಕದ ತಂತಿಯನ್ನೂ ಸವರಿಕೊಂಡು ಹೋಗುವುದರಿಂದ, ತಂಬೂರಿ ವಾದ್ಯದೊಳಗೇ ಕೂತಂತೆ ಆಧಾರ ಷಡ್ಜ ಮಿಡಿಯುತ್ತಿರುತ್ತದೆ.

ಎರಡನೆಯ ಉತ್ತರ

ಶ್ರುತಿಯ ಕೂದಲೆಳೆ ವ್ಯತ್ಯಾಸ ಬೇರೆಯೇ ವಿಷಯ. ಮನೆಯಲ್ಲಿ ಒಬ್ಬರೇ ನುಡಿಸುವವರು ಕಿವಿಗೆ ಹಿತವಾದ ಎತ್ತರಕ್ಕೆ ತಂತಿ ಬಿಗಿದುಕೊಳ್ಳುವುದು ಸಹಜ. ಟೇಪಿನ ವೇಗವೂ ತುಸು ಏರುಪೇರಾಗಿರಬಹುದು. ಮುದ್ರಿಕೆಯಲ್ಲಿ ವಿದ್ಯುತ್ತಿನ ಗುಂಯ್‌ಗುಡುವಿಕೆ ಇದ್ದರೆ ಅದನ್ನು ಅಳೆಯಿರಿ. ಅಮೆರಿಕದಲ್ಲಿ ಅದು 60 ಹರ್ಟ್ಸ್ ಇರಬೇಕು. 62 ಕಂಡರೆ ಟೇಪು ಶೇಕಡಾ 3ಕ್ಕಿಂತ ಹೆಚ್ಚು ವೇಗವಾಗಿ, ಅಂದರೆ ಅರ್ಧ ಸ್ವರಸ್ಥಾನಕ್ಕಿಂತ ತುಸು ಮೇಲೆ, ಓಡುತ್ತಿದೆ ಎಂದರ್ಥ. ಆದರೆ ಆ ಸದ್ದು ಮುಂದೆ ನಕಲು ಮಾಡಿದ ಯಂತ್ರದ್ದೂ ಆಗಿರಬಹುದಾದ್ದರಿಂದ ಇದೊಂದನ್ನೇ ನಂಬಬಾರದು. ಕೆಂಟಕಿಯ ಮಗಾಫಿನ್ ಕೌಂಟಿಯ ಫಿಡಲ್ ವಾದಕ ಜಾನ್ ಸಾಲ್ಯರ್ ಅವರ ವಾದನವನ್ನು 1941–42ರಲ್ಲಿ ಮಕ್ಕಳೇ ಮನೆಯಲ್ಲಿ ಧ್ವನಿತಟ್ಟೆಗಳ ಮೇಲೆ ಮುದ್ರಿಸಿದರು. ಈಗ ಬೆರಿಯಾ ಕಾಲೇಜಿನಲ್ಲಿರುವ ಅಂಥ ಮುದ್ರಿಕೆಗಳನ್ನು ಕೇಳುವಾಗಲೂ ವೇಗದ ಬಗ್ಗೆ ಇದೇ ಎಚ್ಚರ ಬೇಕು.

ಪ್ರಶ್ನೆ ಕೇಳಿದವರು

ನಿನ್ನೆ ರಾತ್ರಿ ಮತ್ತೆ ಸ-ಪ-ಸ-ಪ ಕೂಡಿಸಿದೆ, ಝೇಂಕಾರ ಬಂತು. ಇನ್ನೊಂದು ಸಂಗತಿಯೂ ಕಂಡಿತು. ರೀಡ್ ಅವರಿಂದ ಹೆಸರಾದ ‘ಕಿಚನ್ ಗರ್ಲ್’ ಮಟ್ಟಿನ ತಾರಭಾಗ ಹರಿಕಾಂಭೋಜಿ ರಾಗದ ಸ್ವರಗಳಲ್ಲಿದ್ದರೆ, ಮಂದ್ರಭಾಗಕ್ಕೆ ಇಳಿದಾಗ ಗಾಂಧಾರವೊಂದೇ ಕೆಳಗೆ ಸರಿದು ಖರಹರಪ್ರಿಯದ ಸ್ವರಗಳಾಗುತ್ತವೆ. ಅಭ್ಯಾಸಬಲದಿಂದ ನನ್ನ ಬೆರಳು ಆ ಗಾಂಧಾರವನ್ನು ತೂಗಿದ ಕೂಡಲೇ ಮಟ್ಟಿನ ನಡಿಗೆ ಮುಗ್ಗರಿಸುತ್ತದೆ. ಸದ್ಯ ಅದನ್ನು ಅಲುಗಿಸದೆ ಹಿಡಿಯುವುದನ್ನೇ ಕಲಿಯುತ್ತಿದ್ದೇನೆ.